ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕಾ? ಮೊದಲು ಅಪ್ಪನನ್ನೇ ಕೇಳಿ

ಪ್ರಶ್ನೆ: ನಮ್ಮೂರು ತಿಪಟೂರಿನ ಹತ್ತಿರ. ಅಪ್ಪನಿಗೆ 64 ವರ್ಷ, ರಿಟೈರ್ ಆದ ಮೇಷ್ಟ್ರು, ಈಗ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಶುಗರ್ ಇಲ್ಲ, ಬಿಪಿ ಇದೆ. ಕೆಲವು ತಿಂಗಳಿಂದ ಜೋರಾಗಿ ನಡೆದರೆ ಎದೆ ಹಿಡಿದ ಹಾಗಾಗುತ್ತದೆ, ನಿಂತರೆ ಸರಿಹೋಗುತ್ತದೆ. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ) ಪಾಸಿಟಿವ್ ಬಂತು. ಬೆಂಗಳೂರಿನಲ್ಲಿ ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ ಮಾಡಿಸಿದೆವು. 'ಒಂದು ನಾಳದಲ್ಲಿ 80% ಬ್ಲಾಕ್ ಇದೆ, ಈಗಲೇ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಬಲೆಯ ಕೊಳವೆ) ಹಾಕಿಬಿಡೋಣ' ಅಂದರು. ನಾವು ಗಾಬರಿಯಾಗಿ, ಸ್ವಲ್ಪ ಟೈಮ್ ಕೊಡಿ ಅಂತ ಹೇಳಿ ಮಾತ್ರೆ ಬರೆಸಿಕೊಂಡು ಮನೆಗೆ ಬಂದಿದ್ದೇವೆ. ಅಣ್ಣ ತಕ್ಷಣ ಹಾಕಿಸೋಣ ಅಂತಾನೆ. ಭಾವ 'ಎಲ್ಲಾ ದುಡ್ಡಿನ ಆಟ, ಬೇಡ' ಅಂತಾರೆ. ಅಪ್ಪ ಮಾತ್ರ 'ಡಾಕ್ಟ್ರು ಹೇಳಿದ ಮೇಲೆ ಮುಗೀತು, ನೀವೇ ನೋಡಿ' ಅಂತ ಸುಮ್ಮನಿದ್ದಾರೆ. ಡಾಕ್ಟರನ್ನು ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರಾ? ಕೇಳುವ ಹಕ್ಕು ನಮಗಿದೆಯಾ? ನಾವು ಏನು ತೀರ್ಮಾನ ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಅಣ್ಣನ ಮಾತಿದೆ, ಭಾವನ ಮಾತಿದೆ, ಡಾಕ್ಟರ ಮಾತಿದೆ. ಅಪ್ಪನಿಗೆ ಏನು ಬೇಕು ಅನ್ನೋದು ಮಾತ್ರ ಎಲ್ಲೂ ಇಲ್ಲ. ನಿಮ್ಮನ್ನು ದೂರುತ್ತಿಲ್ಲ, ನಮ್ಮ ಕಡೆ ಬಹಳ ಮನೆಗಳಲ್ಲಿ ನಡೆಯೋದೇ ಹೀಗೆ. ರೋಗಿ ಒಳಗೆ ಮಂಚದ ಮೇಲೆ ಮಲಗಿರುತ್ತಾರೆ, ತೀರ್ಮಾನ ಹೊರಗೆ ಕಾರಿಡಾರಿನಲ್ಲಿ ಆಗುತ್ತದೆ. ಮಗ, ಅಳಿಯ, ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ, ಫೋನಿನಲ್ಲಿ ಅಮೆರಿಕದಿಂದ ಇನ್ನೊಬ್ಬರು. 'ಅಪ್ಪನಿಗೆ ಹೇಳಬೇಡಿ, ಹೆದರಿಕೊಳ್ತಾರೆ' ಅಂತ ಡಾಕ್ಟರಿಗೆ ಕಣ್ಣುಸನ್ನೆ ಬೇರೆ. ಮಕ್ಕಳನ್ನು ಬೈದು, ಲೆಕ್ಕ ತಪ್ಪಿದ್ದಕ್ಕೆ ಬೆಂಚ್ ಹತ್ತಿಸಿದ ಮೇಷ್ಟ್ರು, ತನ್ನ ಎದೆಯ ವಿಷಯ ಬಂದಾಗ ಮಗುವಿನಂತೆ ಕೂತಿರಬೇಕು.

ನಾನು ಜನರಲ್ ಮೆಡಿಸಿನ್ ಡಾಕ್ಟರು. ಸ್ಟೆಂಟ್ ಹಾಕುವವನಲ್ಲ. ನಿಮ್ಮ ತಂದೆ ಹಾಕಿಸಿಕೊಂಡರೂ ಬಿಟ್ಟರೂ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ರಿಪೋರ್ಟು ನೋಡದೆ ಹಾಕಿಸಿ, ಬೇಡ ಅಂತ ಇಲ್ಲಿಂದ ಹೇಳಲಾರೆ. ಆದರೆ ಈ ತೀರ್ಮಾನ ಹೇಗೆ ಆಗಬೇಕು ಅಂತ ಹೇಳಬಲ್ಲೆ.

ಮೊದಲು ಒಂದು ಗೆರೆ ಎಳೆದುಬಿಡುತ್ತೇನೆ. ಹಾರ್ಟ್ ಅಟ್ಯಾಕ್ ಆಗುತ್ತಿರುವವರ ವಿಷಯವೇ ಬೇರೆ. ಅಲ್ಲಿ ನಾಳ ಪೂರ್ತಿ, ಇಲ್ಲವೇ ಹೆಚ್ಚುಕಮ್ಮಿ ಪೂರ್ತಿ ಮುಚ್ಚಿರುತ್ತದೆ, ನಿಮಿಷ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ, ಆಗ ಸ್ಟೆಂಟ್ ಜೀವ ಉಳಿಸುತ್ತದೆ. ಅಲ್ಲಿ ಯೋಚನೆ ಮಾಡೋಕೆ ಟೈಮ್ ಕೇಳಬಾರದು. ಕೂತಿದ್ದಾಗಲೇ ನೋವು ಬರುವುದು, ಹೋದ ವಾರಕ್ಕಿಂತ ಈ ವಾರ ನೋವು ಜಾಸ್ತಿಯಾಗಿರುವುದು, ಇವೂ ಅದೇ ಸಾಲಿಗೆ ಸೇರುತ್ತವೆ. ನಿಮ್ಮ ತಂದೆಯದು, ನೀವು ಬರೆದ ಪ್ರಕಾರ, ಇನ್ನೊಂದು ತರ. ನಡೆದರೆ ಬರುತ್ತದೆ, ನಿಂತರೆ ಹೋಗುತ್ತದೆ, ತಿಂಗಳುಗಳಿಂದ ಒಂದೇ ರೀತಿ ಇದೆ. ನಾವು ಸ್ಟೇಬಲ್ ಆಂಜೈನಾ ಅನ್ನೋದು ಇದನ್ನೇ. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿಕೊಂಡಿರುವುದೇ ನಿಮ್ಮ ಮನೆಯ ಜಗಳಕ್ಕೆ ಕಾರಣ ಅಂತ ನನ್ನ ಅನುಮಾನ. ಅಣ್ಣನಿಗೆ ಹಾರ್ಟ್ ಅಟ್ಯಾಕಿನ ಭಯ. ಭಾವನಿಗೆ ಯಾರಿಗೋ ಬೇಡದ ಸ್ಟೆಂಟ್ ಹಾಕಿದ ಕಥೆ ಗೊತ್ತು.

80% ಅಂತ ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತದೆ, ಸಹಜ. ಎಲ್ಲರ ಮನಸ್ಸಿನಲ್ಲೂ ಬರುವ ಚಿತ್ರ ತೋಟದ ಡ್ರಿಪ್ ಪೈಪಿನದು. ಕಸ ಕಟ್ಟಿದೆ, ಇನ್ನು ಇಪ್ಪತ್ತು ಭಾಗ ಮುಚ್ಚಿದರೆ ನೀರು ನಿಂತಿತು, ಅಷ್ಟರೊಳಗೆ ಬಿಡಿಸಬೇಕು. ಡಾಕ್ಟರುಗಳೂ ಬೇಗ ಅರ್ಥವಾಗಲಿ ಅಂತ ಇದನ್ನೇ ಹೇಳುತ್ತಾರೆ. ಆದರೆ ರಕ್ತನಾಳ ಪೈಪಿನ ತರ ನಡೆದುಕೊಳ್ಳೋದಿಲ್ಲ. ಕೊಬ್ಬು ಕೂತಿರುವುದು ನಾಳದ ಗೋಡೆಯ ಒಳಗೆ, ಅದೂ ಒಂದೇ ಜಾಗದಲ್ಲಲ್ಲ, ಉದ್ದಕ್ಕೂ ಅಲ್ಲಲ್ಲಿ. ಹಾರ್ಟ್ ಅಟ್ಯಾಕ್ ಆಗುವುದು ಆ ಕೊಬ್ಬಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಎಷ್ಟೋ ಸಲ ಒಡೆಯುವುದು 80% ಇರುವ ಗಂಟಲ್ಲ, 40%, 50% ಇರುವ, ಯಾರೂ ಲೆಕ್ಕಕ್ಕೇ ತಗೊಳ್ಳದ ಮೆತ್ತನೆ ಗಂಟು. ಸ್ಟೆಂಟ್ ಕೂರುವುದು ಒಂದು ಜಾಗದಲ್ಲಿ. ದಿನಾ ತಗೊಳ್ಳುವ ಕೊಲೆಸ್ಟ್ರಾಲ್ ಮಾತ್ರೆ, ಆಸ್ಪಿರಿನ್, ಬಿಪಿ ಮಾತ್ರೆ ಕೆಲಸ ಮಾಡುವುದು ಉದ್ದಕ್ಕೂ.

ಇದು ನನ್ನ ಊಹೆಯಲ್ಲ. 2007ರಲ್ಲಿ ಕರೇಜ್ ಅನ್ನುವ ಅಧ್ಯಯನ ಬಂತು. ಅಮೆರಿಕ ಮತ್ತು ಕೆನಡಾದ 2,287 ರೋಗಿಗಳು, ನಿಮ್ಮ ತಂದೆಯಂತೆ ಸ್ಟೇಬಲ್ ಆದವರೇ ಹೆಚ್ಚು. ಅರ್ಧ ಜನಕ್ಕೆ ಮಾತ್ರೆಯ ಜೊತೆ ಸ್ಟೆಂಟು, ಅರ್ಧ ಜನಕ್ಕೆ ಬರೀ ಮಾತ್ರೆ. ಸಾವಿನಲ್ಲಾಗಲಿ ಹಾರ್ಟ್ ಅಟ್ಯಾಕಿನಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಹೃದ್ರೋಗ ತಜ್ಞರು ಇದನ್ನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ, ವರ್ಷಗಟ್ಟಲೆ ವಾದ ನಡೆಯಿತು. ಆಮೇಲೆ ಇನ್ನೂ ದೊಡ್ಡದು, ಇಸ್ಕೀಮಿಯಾ ಅಧ್ಯಯನ, 2020ರಲ್ಲಿ ಪ್ರಕಟವಾಯಿತು. 37 ದೇಶ, 5,179 ರೋಗಿಗಳು, ಅದರಲ್ಲಿ ಭಾರತದವರೂ ಇದ್ದರು. ಟೆಸ್ಟಿನಲ್ಲಿ ಹೃದಯಕ್ಕೆ ರಕ್ತ ಸಾಕಷ್ಟು ಕಡಿಮೆಯಾಗಿದೆ ಅಂತ ಗೊತ್ತಾದವರನ್ನೇ ಆರಿಸಿಕೊಂಡಿದ್ದರು. ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟೋ ಬೈಪಾಸೋ ಮಾಡಿದ ಗುಂಪು ಒಂದು, ಮಾತ್ರೆಯಲ್ಲೇ ನೋಡೋಣ ಅಂತ ಕಾದ ಗುಂಪು ಇನ್ನೊಂದು. ಸರಾಸರಿ ಮೂರು ವರ್ಷಕ್ಕೂ ಜಾಸ್ತಿ ನೋಡಿದರೂ, ಸ್ಟೆಂಟು ಬೈಪಾಸಿನಿಂದ ಸಾವು ಕಡಿಮೆಯಾಯಿತು ಅಂತ ಹೇಳೋಕೆ ಆಗಲಿಲ್ಲ.

ಹಾಗಾದರೆ ಭಾವ ಗೆದ್ದರಾ? ಇಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಸಿಕ್ಕಿತು. ದಿನಾ, ಇಲ್ಲವೇ ವಾರವಾರ ಎದೆ ನೋವು ಬರುತ್ತಿದ್ದವರಿಗೆ ಸ್ಟೆಂಟ್ ಅಥವಾ ಬೈಪಾಸ್ ಆದ ಮೇಲೆ ನೋವು ಚೆನ್ನಾಗಿ ಕಡಿಮೆಯಾಯಿತು. ನೋವೇ ಇಲ್ಲದವರಿಗೆ ಕಡಿಮೆಯಾಗೋಕೆ ಏನೂ ಇರಲಿಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಆರ್ಬಿಟಾ ಅಂತ ಒಂದು ಧೈರ್ಯದ ಪ್ರಯೋಗ ಆಯಿತು. ಒಂದೇ ನಾಳದಲ್ಲಿ ಬ್ಲಾಕ್ ಇದ್ದ 200 ಜನರಿಗೆ ಮೊದಲು ಆರು ವಾರ ಮಾತ್ರೆ ಸರಿಯಾಗಿ ಕೊಟ್ಟು, ಆಮೇಲೆ ಕೆಲವರಿಗೆ ನಿಜವಾದ ಸ್ಟೆಂಟ್, ಉಳಿದವರಿಗೆ ಸ್ಟೆಂಟ್ ಹಾಕಿದ ಹಾಗೆ ನಾಟಕ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ. ಟ್ರೆಡ್‌ಮಿಲ್ ಮೇಲೆ ನಡೆಯುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅದೇ ತಂಡ 2023ರಲ್ಲಿ ಎದೆ ನೋವಿನ ಮಾತ್ರೆ ನಿಲ್ಲಿಸಿ ಇದೇ ಪ್ರಯೋಗ ಮತ್ತೆ ಮಾಡಿತು. ಈ ಸಲ ಸ್ಟೆಂಟ್ ಹಾಕಿದವರಿಗೆ ನೋವು ಕಡಿಮೆಯಾಯಿತು. ಅಂದರೆ ಸ್ಟೆಂಟ್ ಡೋಂಗಿಯೂ ಅಲ್ಲ, ಆಯುಷ್ಯದ ಗ್ಯಾರಂಟಿಯೂ ಅಲ್ಲ. ಸ್ಟೇಬಲ್ ಇರುವವರಲ್ಲಿ ಅದು ಮುಖ್ಯವಾಗಿ ನೋವು ಕಡಿಮೆ ಮಾಡುವ ಚಿಕಿತ್ಸೆ.

ಅಂದಮೇಲೆ ಎಷ್ಟು ನೋವಿದೆ, ಆ ನೋವಿನಿಂದ ಏನು ನಿಂತುಹೋಗಿದೆ, ಅನ್ನೋದರ ಮೇಲೆ ತೀರ್ಮಾನ ನಿಲ್ಲುತ್ತದೆ. ಅದು ಆಂಜಿಯೋಗ್ರಾಂ ಸಿಡಿಯಲ್ಲಿ ಕಾಣಿಸಲ್ಲ. ನಿಮ್ಮ ತಂದೆಗೆ ಮಾತ್ರ ಗೊತ್ತು.

ಅಪ್ಪನ ಹತ್ತಿರ ಹೋಗೋ ಮುಂಚೆ ರಿಪೋರ್ಟು ತೆಗೆಯಿರಿ. ಒಂದು ಹಾಳೆ ಇರುತ್ತದೆ, ನಾಳಗಳ ಹೆಸರು ಸಾಲಾಗಿ. 'ಎಲ್‌ಎಂಸಿಎ' ಅಥವಾ 'ಲೆಫ್ಟ್ ಮೇನ್' ಅಂತ ಇರುವ ಸಾಲಿನ ಎದುರು ಏನಿದೆ ನೋಡಿ. 'ನಾರ್ಮಲ್' ಅಂತ ಇದ್ದರೆ ಅರ್ಧ ಉಸಿರು ಬಿಡಬಹುದು. ಎಡಭಾಗದ ಹೃದಯಕ್ಕೆಲ್ಲ ರಕ್ತ ಹೋಗುವ ಬುಡ ಅದು, ಅಲ್ಲಿ ದೊಡ್ಡ ಬ್ಲಾಕ್ ಇದ್ದರೆ ನಾನು ಮೇಲೆ ಹೇಳಿದ ಅಧ್ಯಯನಗಳು ನಿಮಗೆ ಅನ್ವಯಿಸಲ್ಲ. ಅಂಥವರನ್ನು ಅದರಲ್ಲಿ ಸೇರಿಸಿಕೊಂಡೇ ಇರಲಿಲ್ಲ. ಇಲ್ಲೊಂದು ಗೊಂದಲ ಎಲ್ಲಾ ಮನೆಯಲ್ಲೂ ಆಗುತ್ತದೆ. 'ಎಲ್‌ಎಡಿ' ಅನ್ನೋ ನಾಳಕ್ಕೂ ಆಸ್ಪತ್ರೆಯಲ್ಲಿ 'ಮೇನ್ ನಾಳ' ಅಂತಲೇ ಹೇಳಿರುತ್ತಾರೆ. ಅದು ಮುಖ್ಯವಾದ ಕೊಂಬೆ ನಿಜ, ಆದರೆ ಲೆಫ್ಟ್ ಮೇನ್ ಅಲ್ಲ. 'ಮೇನ್ ನಾಳದಲ್ಲೇ ಬ್ಲಾಕ್ ಅಂತೆ' ಅಂತ ಅಳುತ್ತಾ ಬಂದವರ ಹಾಳೆಯಲ್ಲಿ ಲೆಫ್ಟ್ ಮೇನ್ ನಾರ್ಮಲ್ ಅಂತ ಬರೆದಿರೋದನ್ನು ನೋಡಿದ್ದೇನೆ. ಎಲ್‌ಎಡಿಯಲ್ಲೂ ಶುರುವಿನಲ್ಲೇ ಇದೆಯಾ, ಮಧ್ಯದಲ್ಲಾ ಅನ್ನೋದನ್ನು ತಜ್ಞರು ಲೆಕ್ಕಕ್ಕೆ ತಗೊಳ್ಳುತ್ತಾರೆ, ಅದನ್ನೂ ಕೇಳಿ.

ಎರಡನೆಯದು ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ 'ಇಎಫ್' ಅಂತ ಒಂದು ನಂಬರ್. ಹೃದಯ ಎಷ್ಟು ಬಲವಾಗಿ ರಕ್ತ ತಳ್ಳುತ್ತಿದೆ ಅನ್ನೋ ಅಳತೆ. 55, 60 ಇದ್ದರೆ ಚೆನ್ನಾಗಿದೆ. ತುಂಬಾ ಇಳಿದಿದ್ದರೆ ಲೆಕ್ಕಾಚಾರ ಬದಲಾಗುತ್ತದೆ. ಇಸ್ಕೀಮಿಯಾದಲ್ಲಿ 35ಕ್ಕಿಂತ ಕಡಿಮೆ ಇದ್ದವರನ್ನು ಬಿಟ್ಟಿದ್ದರು. ಮೂರೂ ನಾಳದಲ್ಲಿ ಬ್ಲಾಕ್ ಇದ್ದು ಶುಗರೂ ಇದ್ದರೆ ಅದು ಬೈಪಾಸಿನ ಕಡೆ ವಾಲುವ ಬೇರೆಯೇ ಚರ್ಚೆ. ನಿಮ್ಮ ತಂದೆಗೆ ಶುಗರ್ ಇಲ್ಲ, ಒಂದೇ ನಾಳ. ಅದನ್ನು ಇಲ್ಲಿಗೇ ಬಿಡೋಣ.

ಇನ್ನು ಅಪ್ಪ. 'ಎದೆ ನೋವು ಹೇಗಿದೆಯಪ್ಪಾ' ಅಂತ ಕೇಳಬೇಡಿ. 'ಏನಿಲ್ಲ ಕಣೋ, ಗ್ಯಾಸು' ಅಂತ ಮುಗಿಸುತ್ತಾರೆ. ಗಂಡಸರು ಈ ನೋವನ್ನು ಮುಚ್ಚಿಡೋ ರೀತಿ ನನಗೆ ಚೆನ್ನಾಗಿ ಪರಿಚಯ. ನೋವು ಬರುವ ಕೆಲಸವನ್ನೇ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ, ಆಮೇಲೆ 'ಈಗ ನೋವೇ ಇಲ್ಲ' ಅನ್ನುತ್ತಾರೆ. ಆದ್ದರಿಂದ ಕೆಲಸದ ಲೆಕ್ಕದಲ್ಲಿ ಕೇಳಿ. ತೋಟಕ್ಕೆ ಮೊದಲು ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದಿರಿ, ಈಗ? ಕೆರೆ ಏರಿ ಹತ್ತುವಾಗ ಎಲ್ಲಿ ನಿಲ್ಲುತ್ತೀರಿ? ಬಿದ್ದ ಕಾಯಿ ಆರಿಸಿ ಹೊತ್ತು ತರೋದು ಯಾರು ಈಗ? ಊಟ ಆದ ತಕ್ಷಣ ನಡೆದರೆ ಬೇಗ ಬರುತ್ತಾ? ಬೆಳಗ್ಗೆ ಚಳಿಯಲ್ಲಿ? ಪಕ್ಕದಲ್ಲಿ ಅಮ್ಮನನ್ನೂ ಕೂರಿಸಿಕೊಳ್ಳಿ. ಅವರು ಅಡುಗೆಮನೆಯಿಂದಲೇ 'ಸುಳ್ಳು ಹೇಳ್ತಾರೆ, ಬಟ್ಟೆ ಬಕೆಟ್ ಎತ್ತಿದ್ದಕ್ಕೆ ಅವತ್ತು ಕಟ್ಟೆ ಮೇಲೆ ಕೂತುಬಿಟ್ಟಿದ್ದರು' ಅಂತ ಒಂದು ಮಾತು ಹಾಕಿದರೆ, ಅದು ಟಿಎಂಟಿಗಿಂತ ದೊಡ್ಡ ಮಾಹಿತಿ.

ಆಮೇಲೆ ಈಗಿನ ಮಾತ್ರೆ ಶುರುವಾದ ಮೇಲೆ ಹೇಗಿದೆ ಕೇಳಿ. ಇದು ಬಹಳ ಮುಖ್ಯ. ಮಾತ್ರೆಯಲ್ಲೇ ಏರಿ ಹತ್ತೋಕೆ ಆಗುತ್ತಿದ್ದರೆ ಸ್ಟೆಂಟಿನಿಂದ ಜಾಸ್ತಿ ಸಿಗುವುದು ಕಡಿಮೆ. ಮಾತ್ರೆ ಸರಿಯಾಗಿ ತಗೊಂಡೂ, ಡೋಸ್ ಏರಿಸಿಯೂ, ಮನೆಯಿಂದ ತೋಟದ ಬೇಲಿವರೆಗೆ ಹೋಗೋದೇ ಕಷ್ಟ ಅನ್ನುವ ಹಾಗಿದ್ದರೆ ಹಾಕಿಸಿಕೊಳ್ಳೋದಕ್ಕೆ ಒಳ್ಳೆಯ ಕಾರಣವಿದೆ, ನಾನೂ ಹಾಕಿಸಿ ಅಂತಲೇ ಹೇಳುತ್ತೇನೆ. ಮಧ್ಯದಲ್ಲಿ ಇದ್ದರೆ? ಅಲ್ಲೇ ಅಪ್ಪನ ಮನಸ್ಸು ಬೇಕಾಗುವುದು. ಒಬ್ಬರು 'ದಿನಾ ಇನ್ನೆರಡು ಮಾತ್ರೆ ನುಂಗ್ತೀನಿ, ಕೈಗೆ ಸೂಜಿ ಬೇಡ' ಅನ್ನುತ್ತಾರೆ. ಇನ್ನೊಬ್ಬರು 'ಮಾತ್ರೆಯಿಂದ ತಲೆನೋವು, ಸುಸ್ತು, ನನಗೆ ತೋಟದಲ್ಲಿ ಓಡಾಡಬೇಕು, ಹಾಕಿಸಿಬಿಡಿ' ಅನ್ನುತ್ತಾರೆ. ಎರಡೂ ಸರಿಯಾದ ಉತ್ತರವೇ. ಅಣ್ಣನಾಗಲಿ ಭಾವನಾಗಲಿ ನಾನಾಗಲಿ ಇದನ್ನು ಅವರ ಪರವಾಗಿ ಹೇಳೋಕೆ ಬರಲ್ಲ.

ಹಾಗಂತ ಅವರ ಮೇಲೆ ಹೊರೆ ಹೊರಿಸಬೇಡಿ. ಎಲ್ಲಾ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, 'ನೀವೇ ನೋಡಿ, ನನಗೆ ಒಪ್ಪಿಗೆ' ಅಂದರೆ ಅದನ್ನೂ ಅವರ ತೀರ್ಮಾನ ಅಂತಲೇ ಗೌರವಿಸಿ. ಏನೂ ತಿಳಿಸದೆ 'ನೀವೇ ನೋಡಿ' ಅನ್ನಿಸುವುದು ಬೇರೆ.

ಇನ್ನೊಂದು ವಿಷಯ, ಇದನ್ನು ಮಕ್ಕಳ ಮುಂದೆ ಯಾವ ಅಪ್ಪನೂ ಹೇಳಲ್ಲ. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ತರದ ಮಾತ್ರೆ ಬರೆದಿದ್ದರೆ, ಗಂಡಸರು ಲೈಂಗಿಕ ಶಕ್ತಿಗೆ ಅಂತ ತಗೊಳ್ಳುವ ಸಿಲ್ಡೆನಾಫಿಲ್ ಗುಂಪಿನ ಮಾತ್ರೆ ಅದರ ಜೊತೆ ಸೇರಬಾರದು. ಬಿಪಿ ಅಪಾಯ ಆಗುವಷ್ಟು ಬಿದ್ದುಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುತ್ತದೆ, ಆಯುರ್ವೇದ ಅಂತ ಹೇಳಿ ಮಾರುವ ಕೆಲವು ಪುಡಿಗಳಲ್ಲೂ ಅದನ್ನೇ ಬೆರೆಸಿರುತ್ತಾರೆ. ಡಾಕ್ಟರ ರೂಮಿನಲ್ಲಿ ಅಪ್ಪ ಒಬ್ಬರೇ ಐದು ನಿಮಿಷ ಇರಲಿ, ನೀವು ಹೊರಗೆ ಬನ್ನಿ. ಹೇಳಿಕೊಳ್ಳೋಕೆ ಜಾಗ ಬೇಕು ಅವರಿಗೂ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಎಷ್ಟು ಹೋಗುತ್ತದೆ ಅನ್ನೋದೂ ಆಗಲೇ ನಿಜ ಹೊರಬರುವುದು.

ಈಗ ನಿಮ್ಮ ಪ್ರಶ್ನೆ. ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರಾ? ಕೆಲವರು ಮಾಡಿಕೊಳ್ಳುತ್ತಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಬಹಳ ಸಲ ಮುಖ ಸಿಂಡರಿಸೋದು ಪ್ರಶ್ನೆಗಲ್ಲ, ಕೇಳುವ ರೀತಿಗೆ. ಹೊರಗೆ ಇನ್ನೂ ನಲವತ್ತು ಜನ ಕೂತಿರುವಾಗ ಒಂದು ರೋಗಿಯ ಜೊತೆ ಐದು ಜನ ನುಗ್ಗಿ, ಒಬ್ಬರು ಯೂಟ್ಯೂಬ್ ವಿಡಿಯೋ ತೋರಿಸಿ, ಇನ್ನೊಬ್ಬರು 'ಇದು ಬೇಕೇ ಬೇಕಾ ಸಾರ್, ಇಲ್ಲಾ ಸುಮ್ನೆ ಹೇಳ್ತಿದೀರಾ' ಅಂದರೆ ಯಾರಿಗಾದರೂ ಮೈ ಉರಿಯುತ್ತದೆ. ಅನುಮಾನವನ್ನು ಪ್ರಶ್ನೆಯ ವೇಷದಲ್ಲಿ ಕೇಳಿದರೆ ಸಿಗುವ ಉತ್ತರವೂ ಜಗಳದ ವೇಷದಲ್ಲೇ ಇರುತ್ತದೆ.

ಆಂಜಿಯೋಗ್ರಾಂ ಟೇಬಲ್ ಮೇಲಿನ ಗಡಿಬಿಡಿಯಲ್ಲಿ ಆಗದ ಮಾತು ಓಪಿಡಿಯಲ್ಲಿ ಆಗುತ್ತದೆ. ಬೇರೆ ದಿನ ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ. ಅಪ್ಪ ಮತ್ತು ಇನ್ನೊಬ್ಬರು ಸಾಕು. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅಪ್ಪ ಕೂರಲಿ, ನೀವು ಪಕ್ಕದಲ್ಲಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮೇಷ್ಟ್ರಿಗೆ ಬರೆಯೋದು ಅಭ್ಯಾಸವೇ, ಅವರ ಕೈಯಲ್ಲೇ ಬರೆಸಿ. ಶುರುವಿನಲ್ಲೇ 'ಸಾರ್, ನಿಮ್ಮ ಮೇಲೆ ನಂಬಿಕೆ ಇದೆ, ಸರಿಯಾಗಿ ಅರ್ಥ ಮಾಡಿಕೊಂಡು ಮುಂದುವರಿಯೋಣ ಅಂತ ಬಂದ್ವಿ' ಅಂದರೆ ಅರ್ಧ ಕೆಲಸ ಆಯಿತು. ಆಮೇಲೆ ನೇರವಾಗಿ ಕೇಳಿ. ಇದರಿಂದ ನನ್ನ ಆಯಸ್ಸು ಜಾಸ್ತಿ ಆಗುತ್ತಾ, ಇಲ್ಲಾ ನೋವು ಕಡಿಮೆ ಆಗುತ್ತಾ? ಈಗ ಹಾಕಿಸದೆ ಮಾತ್ರೆಯಲ್ಲೇ ಇದ್ದರೆ ಮುಂದಿನ ಒಂದೆರಡು ವರ್ಷದಲ್ಲಿ ಏನಾಗಬಹುದು? ನನ್ನ ಮಾತ್ರೆಗಳು ಆಗಲೇ ಪೂರ್ತಿ ಡೋಸಿನಲ್ಲಿ ಇವೆಯಾ, ಇನ್ನೂ ಏರಿಸೋಕೆ ಜಾಗ ಇದೆಯಾ? ಈ ಮೂರನೆಯದನ್ನು ಯಾರೂ ಕೇಳಲ್ಲ. ಮಾತ್ರೆ ಕೆಲಸ ಮಾಡಲಿಲ್ಲ ಅಂತ ಹೇಳಬೇಕಾದರೆ ಮೊದಲು ಅದನ್ನು ಸರಿಯಾಗಿ ಕೊಟ್ಟು ನೋಡಿರಬೇಕಲ್ವಾ.

80% ಅನ್ನೋದು ಕಣ್ಣಂದಾಜಿನ ಸಂಖ್ಯೆಯಾ, ಅಳತೆ ಮಾಡಿದ್ದಾ ಅಂತಲೂ ಕೇಳಬಹುದು. ಆಂಜಿಯೋಗ್ರಾಂನಲ್ಲಿ ಬಹಳ ಸಲ ನೋಡಿಯೇ ಹೇಳುತ್ತಾರೆ. ಅನುಮಾನ ಇರುವ, ಮಧ್ಯಮ ಗಾತ್ರದ ಬ್ಲಾಕುಗಳಲ್ಲಿ ಎಫ್‌ಎಫ್‌ಆರ್ ಅಂತ ಒಂದು ತೆಳು ತಂತಿ ಹಾಕಿ ಬ್ಲಾಕಿನ ಹಿಂದೆ ಮುಂದೆ ಒತ್ತಡ ಅಳೆಯುತ್ತಾರೆ. ಖರ್ಚು ಜಾಸ್ತಿ, ಎಲ್ಲಾ ಕಡೆ ಇಲ್ಲ.

'ನಿಮ್ಮ ತಂದೆಯಾಗಿದ್ದರೆ ಏನು ಮಾಡ್ತಿದ್ರಿ ಸಾರ್?' ಅಂತ ಕೇಳೋದು ನಮ್ಮಲ್ಲಿ ಬಹಳ ಚಾಲ್ತಿ. ನನಗೂ ದಿನಾ ಕೇಳುತ್ತಾರೆ. ನನ್ನ ಕೇಳಿದರೆ ಆ ಪ್ರಶ್ನೆಯಿಂದ ಉಪಯೋಗ ಕಮ್ಮಿ. ಡಾಕ್ಟರ ಅಪ್ಪ ಎಂಥವರೋ, ಅವರಿಗೆ ಯಾವುದರ ಭಯವೋ. ನಿಮ್ಮ ತಂದೆ ಎದುರಿಗೇ ಕೂತಿದ್ದಾರಲ್ಲ, ಅವರ ಬಗ್ಗೆ ಮಾತಾಡಲಿ.

ಎದ್ದು ಬರೋ ಮುಂಚೆ ಅಪ್ಪ ಒಂದು ಸಲ ತಮ್ಮ ಮಾತಿನಲ್ಲಿ ವಾಪಸ್ ಹೇಳಲಿ: 'ಅಂದ್ರೆ ಸಾರ್, ಮಾತ್ರೆ ಏರಿಸಿ ಆರು ವಾರ ನೋಡೋದು, ಆಗಲೂ ಏರಿ ಹತ್ತೋಕೆ ಆಗದಿದ್ರೆ ಸ್ಟೆಂಟು, ಅಷ್ಟೇ ತಾನೆ?' ತಪ್ಪು ತಿಳಿದುಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ, ಡಾಕ್ಟರು ಅಲ್ಲೇ ತಿದ್ದುತ್ತಾರೆ.

ಹಕ್ಕಿನ ವಿಷಯಕ್ಕೆ ಬಂದರೆ, ಇದೆ, ಸುಪ್ರೀಂ ಕೋರ್ಟೇ ಹೇಳಿದೆ. 2008ರ ಸಮೀರಾ ಕೊಹ್ಲಿ ಪ್ರಕರಣ ಅಂತ ಪ್ರಸಿದ್ಧ. ಒಬ್ಬ ಹೆಣ್ಣುಮಗಳು ಲ್ಯಾಪರೋಸ್ಕೋಪಿ (ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡುವ) ಪರೀಕ್ಷೆಗೆ ಅಂತ ಅನಸ್ತೇಷಿಯಾದಲ್ಲಿ ಮಲಗಿದ್ದರು. ಡಾಕ್ಟರು ಹೊರಗೆ ಇದ್ದ ಅವರ ತಾಯಿಯ ಸಹಿ ತಗೊಂಡು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಕೋರ್ಟು ಹೇಳಿದ್ದು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಒಪ್ಪಿಗೆ ಅಲ್ಲ. ರೋಗಿ ವಯಸ್ಕರು, ಎಚ್ಚರವಾದ ಮೇಲೆ ಕೇಳಬಹುದಿತ್ತು, ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ, ಹಾಗಾಗಿ ತಾಯಿಯ ಒಪ್ಪಿಗೆಗೆ ಬೆಲೆ ಇಲ್ಲ. ಎರಡಕ್ಕೂ ಸೇರಿಸಿ ಮೊದಲೇ ಒಪ್ಪಿಗೆ ತಗೊಳ್ಳಬಹುದು, ಆದರೆ ವಿವರಿಸಿ ತಗೊಳ್ಳಬೇಕು ಅಂತಲೂ ಹೇಳಿದೆ. ನಿಮ್ಮ ತಂದೆ ಆಂಜಿಯೋಗ್ರಾಂಗೆ ಮುಂಚೆ ಸಹಿ ಹಾಕಿದ ಹಾಳೆಯಲ್ಲಿ 'ಬೇಕಾದರೆ ಆಂಜಿಯೋಪ್ಲಾಸ್ಟಿ', ಅಂದರೆ ನಾಳ ಬಿಡಿಸಿ ಸ್ಟೆಂಟ್ ಹಾಕುವುದು, ಅಂತ ಸಣ್ಣಕ್ಷರದಲ್ಲಿ ಇದ್ದಿರಬಹುದು, ಬಹಳ ಕಡೆ ಇರುತ್ತದೆ. ಮುಂದಿನ ಸಲ ಸಹಿಗೆ ಮುಂಚೆ ಅದನ್ನು ಓದಿಸಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿ ಅಂತ ಕೇಳಿ. ಮತ್ತೆ ಸಹಿ ಅಪ್ಪನದೇ ಇರಲಿ, ಅಣ್ಣನದಲ್ಲ.

ದಾಖಲೆಯೂ ನಿಮ್ಮದೇ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮದಲ್ಲೇ ಇದೆ. ಬರೀ ಡಿಸ್ಚಾರ್ಜ್ ಸಮ್ಮರಿ ಸಾಲದು. ಆಂಜಿಯೋಗ್ರಾಂ ಸಿಡಿ ಕೇಳಿ ತಗೊಳ್ಳಿ, ಎರಡನೇ ಡಾಕ್ಟರಿಗೆ ನೋಡಬೇಕಾಗಿರುವುದು ಅದೇ ಓಡುವ ಚಿತ್ರ. ಸೆಕೆಂಡ್ ಒಪೀನಿಯನ್ ಅಂದರೆ ಮೊದಲನೆಯವರಿಗೆ ದ್ರೋಹ ಅಲ್ಲ, ಕೇಂದ್ರದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಅದೂ ಸೇರಿದೆ. ನಿಮಗೆ ಹತ್ತಿರದಲ್ಲಿ ಬೆಂಗಳೂರಿನ ಜಯದೇವ ಇದೆ, ಮೈಸೂರು ಮತ್ತು ಕಲಬುರಗಿಯಲ್ಲೂ ಅದರ ಆಸ್ಪತ್ರೆಗಳಿವೆ. ಸಿಡಿ ಹಿಡಿದು ಹೋಗಿ, ಕ್ಯೂ ಇರುತ್ತದೆ, ಬುತ್ತಿ ಕಟ್ಟಿಕೊಂಡು ಹೋಗಿ. ಮೊದಲ ಡಾಕ್ಟರು ಏನು ಹೇಳಿದರು ಅಂತ ತಕ್ಷಣ ಹೇಳಬೇಡಿ, ಅವರು ನೋಡಿ ಹೇಳಲಿ, ಆಮೇಲೆ ಹೇಳಿ. ಇಬ್ಬರೂ ಒಂದೇ ಹೇಳಿದರೆ ಅಣ್ಣ ಭಾವ ಇಬ್ಬರ ಬಾಯಿಗೂ ಬೀಗ ಬೀಳುತ್ತದೆ.

ದುಡ್ಡಿನ ವಿಷಯ ಭಾವ ಎತ್ತಿದ್ದಾರೆ, ಅದನ್ನು ಕಡೆಗಣಿಸೋ ಹಾಗಿಲ್ಲ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿತು, ಅದಕ್ಕೂ ಮುಂಚೆ ಲಕ್ಷ ದಾಟಿದವೂ ಇದ್ದವು. ಆ ಮಿತಿ 2018ರಲ್ಲಿ ಸ್ವಲ್ಪ ಇಳಿದು, ಆಮೇಲೆ ಏರಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ, ಕಂಪನಿ, ಬ್ಯಾಚ್ ನಂಬರು ಬೇರೆಯಾಗಿ ಕಾಣಿಸಬೇಕು. ಆದರೆ ಸ್ಟೆಂಟ್ ಒಂದೇ ಖರ್ಚಲ್ಲ, ಬಲೂನು, ಕ್ಯಾಥ್ ಲ್ಯಾಬ್ (ಸ್ಟೆಂಟ್ ಹಾಕುವ ಕೋಣೆ), ಡಾಕ್ಟರ ಫೀಸು, ರೂಮು ಎಲ್ಲಾ ಸೇರಿ ಒಟ್ಟು ಎಷ್ಟು ಅಂತ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಎಪಿಎಲ್ ಆದರೆ ಪ್ಯಾಕೇಜಿನ 30%. ತುರ್ತಲ್ಲದ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಮೊದಲೇ ವಿಚಾರಿಸಿ. ಖಾಸಗಿ ಆಸ್ಪತ್ರೆ ದಾಖಲೆ ಕೊಡದೆ ಸತಾಯಿಸಿದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಅಲ್ಲಿವರೆಗೆ ಹೋಗೋದು ಅಪರೂಪ, ವಿನಯವಾಗಿ ಬರವಣಿಗೆಯಲ್ಲಿ ಕೇಳಿದರೆ ಕೊಡುತ್ತಾರೆ.

ಭಾವನಿಗೆ ಒಂದು ಮಾತು. ಸ್ಟೆಂಟ್ ಬೇಡ ಅಂದರೆ ಚಿಕಿತ್ಸೆ ಬೇಡ ಅಂತಲ್ಲ. ಬೆಳ್ಳುಳ್ಳಿ, ಶುಂಠಿ, ನಿಂಬೆ, ವಿನೆಗರ್ ಕುದಿಸಿ ಜೇನು ಬೆರೆಸಿದ ಕಷಾಯ ಬ್ಲಾಕ್ ಕರಗಿಸುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆಯಲ್ಲ, ಅದು ಕರಗಿಸಲ್ಲ. ಅಧ್ಯಯನದಲ್ಲಿ ಬರೀ ಮಾತ್ರೆಯ ಗುಂಪು ಚೆನ್ನಾಗಿದ್ದದ್ದು ಮಾತ್ರೆ ದಿನಾ ತಗೊಂಡಿದ್ದಕ್ಕೆ. ಕೊಲೆಸ್ಟ್ರಾಲ್ ನಾರ್ಮಲ್ ಬಂತು ಅಂತ ಸ್ಟಾಟಿನ್, ಅಂದರೆ ಕೊಲೆಸ್ಟ್ರಾಲ್ ಮಾತ್ರೆ, ನಿಲ್ಲಿಸಬಾರದು, ನಾರ್ಮಲ್ ಬಂದಿರೋದೇ ಅದರಿಂದ. ಹೃದ್ರೋಗ ಇರುವವರಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 70ಕ್ಕಿಂತ ಕೆಳಗಾದರೂ ಇರಬೇಕು ಅಂತ ನಾವು ನೋಡುತ್ತೇವೆ, ಲ್ಯಾಬ್ ಹಾಳೆಯ 'ನಾರ್ಮಲ್' ಸಾಲದು. ಹೊಗೆಸೊಪ್ಪು ಬಿಡಬೇಕು. ಮತ್ತೆ, ಇಸ್ಕೀಮಿಯಾ ಅಧ್ಯಯನದಲ್ಲಿ ಮಾತ್ರೆಯಲ್ಲಿ ಶುರು ಮಾಡಿದವರಲ್ಲಿ ಸುಮಾರು ಐದರಲ್ಲಿ ಒಬ್ಬರು ನಾಲ್ಕು ವರ್ಷದೊಳಗೆ ಸ್ಟೆಂಟೋ ಬೈಪಾಸೋ ಮಾಡಿಸಿಕೊಳ್ಳಬೇಕಾಯಿತು. ಈಗ ಬೇಡ ಅಂದರೆ ಎಂದಿಗೂ ಬೇಡ ಅಂತ ಆಣೆ ಇಟ್ಟ ಹಾಗಲ್ಲ.

ಅಣ್ಣನಿಗೂ ಒಂದು. ಹಾಕಿಸಿಬಿಟ್ಟರೆ ಮುಗೀತು ಅನ್ನೋದೂ ಇಲ್ಲ. ಸ್ಟೆಂಟ್ ಆದ ಮೇಲೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ತರದ ಇನ್ನೊಂದು ರಕ್ತ ತೆಳು ಮಾಡುವ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳಾದರೂ ತಪ್ಪಿಸುವ ಹಾಗಿಲ್ಲ. ಮಧ್ಯದಲ್ಲಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗಬಹುದು. ಅಪ್ಪನಿಗೆ ಪೈಲ್ಸ್ ರಕ್ತ ಹೋಗುತ್ತಾ? ಹರ್ನಿಯಾ ಆಪರೇಷನ್ ಮುಂದಕ್ಕೆ ಹಾಕಿಕೊಂಡು ಬಂದಿದ್ದಾರಾ? ಹೊಟ್ಟೆಯಲ್ಲಿ ಅಲ್ಸರ್ ಇತ್ತಾ? ಇದ್ದರೆ ಸ್ಟೆಂಟಿಗೆ ಮೊದಲೇ ಹೇಳಬೇಕು. ಇವನ್ನೆಲ್ಲ ಡಾಕ್ಟರು ಕೇಳಬೇಕು ನಿಜ, ಗಡಿಬಿಡಿಯಲ್ಲಿ ಬಿಟ್ಟುಹೋಗುತ್ತದೆ, ಚೀಟಿಯಲ್ಲಿ ಬರೆದುಕೊಳ್ಳಿ.

ಈ ವಾರ ಅಪ್ಪನ ಜೊತೆ ಕೂತು ಮಾತಾಡಿ, ಸಿಡಿ ತರಿಸಿಕೊಳ್ಳಿ, ಅಪಾಯಿಂಟ್‌ಮೆಂಟ್ ತಗೊಳ್ಳಿ. ಅಲ್ಲಿವರೆಗೆ ಬರೆದುಕೊಟ್ಟ ಮಾತ್ರೆ ಒಂದೂ ತಪ್ಪಬಾರದು. ನಾಲಿಗೆ ಕೆಳಗೆ ಇಡುವ ಮಾತ್ರೆ ಅಲ್ಮೆರಾದಲ್ಲಿ ಬೇಡ, ಅಂಗಿ ಜೇಬಿನಲ್ಲಿರಲಿ. ತೋಟದಲ್ಲಿ ನೋವು ಬಂದರೆ ಮೊದಲು ಕೂರಬೇಕು, ಆಮೇಲೆ ಇಟ್ಟುಕೊಳ್ಳಬೇಕು, ನಿಂತು ಇಟ್ಟುಕೊಂಡರೆ ತಲೆ ಸುತ್ತಿ ಬೀಳಬಹುದು. ಐದು ನಿಮಿಷದಲ್ಲಿ ನೋವು ಹೋಗಲಿಲ್ಲ, ಅಥವಾ ಸುಮ್ನೆ ಕೂತಿದ್ದಾಗಲೇ ಬಂತು, ಬೆವರು ಕಿತ್ತುಕೊಂಡಿತು ಅಂದರೆ 108ಕ್ಕೆ ಫೋನ್ ಮಾಡಿ. ಆಗ ಚೀಟಿ, ಸಿಡಿ, ಸೆಕೆಂಡ್ ಒಪೀನಿಯನ್ ಯಾವುದಕ್ಕೂ ಕಾಯಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ, ಅಲ್ಲಿನ ಡಾಕ್ಟರು ಹೇಳಿದ್ದನ್ನು ಮಾಡಿ. ಇದನ್ನೂ ಅಪ್ಪನಿಗೆ ಈಗಲೇ ಹೇಳಿಟ್ಟಿರಿ.